ಅಪ್ಪ, ಅಮ್ಮ, ಗೆಳೆಯರು: ರೂಢಿಯ ಲೆಕ್ಕ

ಮಗನ ಮೂಗು ಥೇಟ್ ಅಪ್ಪನದೇ ಎನ್ನುತ್ತೇವೆ. ಅದು ಜೀನುಗಳ ಕೆಲಸ. ಬೆಕ್ಕು ಅಡ್ಡ ಬಂದರೆ ಅವನು ಗಕ್ಕನೆ ನಿಲ್ಲುವುದೂ ಅಪ್ಪನಂತೆಯೇ ಅಲ್ಲವೇ? ಅದಕ್ಕೆ ಜೀನು ಬೇಕಿಲ್ಲ, ನೋಡಿ ಕಲಿತರೆ ಸಾಕು.

ಹೀಗೆ ನೋಡಿ ಕಲಿಯುವುದನ್ನು ಸಮೀಕರಣದಲ್ಲಿ ಹಿಡಿಯಲು ಹೊರಟವರು ಅಮೆರಿಕದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ಲೂಕಾ ಕವಾಲಿ-ಸ್ಫೋರ್ಜಾ ಮತ್ತು ಮಾರ್ಕಸ್ ಫೆಲ್ಡ್‌ಮನ್. ಜೀನುಗಳ ಹರಡುವಿಕೆಗೆ ಬಳಸುತ್ತಿದ್ದ ಗಣಿತವನ್ನೇ ಅವರು ರೂಢಿಗಳಿಗೆ ಒಗ್ಗಿಸಿದರು. 1981ರಲ್ಲಿ ಅವರ ಪುಸ್ತಕ ಹೊರಬಂತು.

ಆ ಲೆಕ್ಕದ ಸರಳ ರೂಪವನ್ನು ಪಿಯುಸಿ ಓದುವವರೂ ಮಾಡಬಹುದು. ಊರಿನಲ್ಲಿ ನೂರಕ್ಕೆ 10 ಜನರಿಗೆ ಒಂದು ರೂಢಿ ಇದೆ ಎನ್ನಿ. ಮದುವೆಯಾಗುವಾಗ ಯಾರೂ ಅದನ್ನು ವಿಚಾರಿಸುವುದಿಲ್ಲ. ಅಪ್ಪ ಅಮ್ಮ ಇಬ್ಬರಿಗೂ ಇದ್ದರೆ ಮಗುವಿಗೆ ಬಂದೇ ಬರುತ್ತದೆ, ಇಬ್ಬರಿಗೂ ಇಲ್ಲದಿದ್ದರೆ ಇಲ್ಲ. ಒಬ್ಬರಿಗೆ ಮಾತ್ರ ಇದ್ದರೆ? ಗುಟ್ಟೆಲ್ಲ ಇರುವುದು ಇಲ್ಲಿ. ಬರುವ ಸಂಭವ ಸರಿಯಾಗಿ ಅರ್ಧವಾದರೆ ರೂಢಿ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಅದು 0.6 ಎಂದುಕೊಳ್ಳೋಣ. ಇಬ್ಬರಿಗೂ ರೂಢಿ ಇರುವ ದಂಪತಿಗಳು ನೂರಕ್ಕೆ 1, ಒಬ್ಬರಿಗೆ ಮಾತ್ರ ಇರುವವರು 18. ಮುಂದಿನ ತಲೆಮಾರಿನಲ್ಲಿ 1 + (18 × 0.6) = 11.8. ಅದರ ಮುಂದೆ 13.9. ಹೀಗೆ ತೆವಳಿಕೊಂಡು ಅರ್ಧ ಊರನ್ನು ದಾಟುವುದು 12ನೆಯ ತಲೆಮಾರಿನಲ್ಲಿ. ತಲೆಮಾರಿಗೆ 25 ವರ್ಷ ಹಿಡಿದರೂ 300 ವರ್ಷ! ಸಂಭವ 0.4 ಆದರೆ ರೂಢಿ ಅಷ್ಟೇ ನಿಧಾನವಾಗಿ ಅಳಿಯತೊಡಗುತ್ತದೆ.

ಅದೇ ರೂಢಿ ಗೆಳೆಯರಿಂದ ಬಂದರೆ ಕಥೆಯೇ ಬೇರೆ. ಆಗ ಅದು ನೆಗಡಿಯಂತೆ ಹಬ್ಬುತ್ತದೆ. 500 ಮಕ್ಕಳ ಶಾಲೆಯಲ್ಲಿ ಒಬ್ಬನಿಗೆ ಹೊಸ ಶೋಕಿ ಹತ್ತಿದೆ, ಹತ್ತಿದವರೆಲ್ಲ ವಾರಕ್ಕೊಬ್ಬರಿಗೆ ಅಂಟಿಸುತ್ತಾರೆ ಎನ್ನಿ. ಹೆಚ್ಚುಕಡಿಮೆ 9 ವಾರಕ್ಕೆ ಅರ್ಧ ಶಾಲೆ ಅದರ ಕೈವಶ. ಹೇರ್‌ಸ್ಟೈಲ್ ವಿಷಯದಲ್ಲಿ ಅಪ್ಪಂದಿರು ಸೋಲುವುದು ಏಕೆಂದು ಈಗ ತಿಳಿಯಿತೇ?

ಹಾಗೆಂದು ತಂದೆತಾಯಂದಿರು ಕೈಚೆಲ್ಲಬೇಕಿಲ್ಲ. ಈ ವಿಜ್ಞಾನಿಗಳು ಸಹೋದ್ಯೋಗಿಗಳೊಂದಿಗೆ ಸ್ಟ್ಯಾನ್‌ಫೋರ್ಡ್ ವಿದ್ಯಾರ್ಥಿಗಳನ್ನೂ ಅವರ ಹೆತ್ತವರನ್ನೂ ಗೆಳೆಯರನ್ನೂ ಪ್ರಶ್ನಿಸಿ, ಉತ್ತರಗಳನ್ನು ತಾಳೆಹಾಕಿ 1982ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಧರ್ಮ ಮತ್ತು ರಾಜಕೀಯದಲ್ಲಿ ಮಕ್ಕಳ ಒಲವು ಹೆತ್ತವರ ಒಲವಿಗೆ ಗಟ್ಟಿಯಾಗಿ ಅಂಟಿಕೊಂಡಿತ್ತು. ಅದೂ ಕಾಲೇಜು ಮೆಟ್ಟಿಲು ಹತ್ತಿದ ಮೇಲೆ!

ನಿಜ ಜೀವನ ಇಷ್ಟು ಸರಳವಲ್ಲ. ಮೇಷ್ಟರಿದ್ದಾರೆ, ಅಜ್ಜಿ ಇದ್ದಾರೆ, ಟಿ.ವಿ. ಇದೆ. ಒಬ್ಬೊಬ್ಬರಿಗೂ ಸಮೀಕರಣದಲ್ಲಿ ಒಂದೊಂದು ಪದ ಸೇರಿಸಬೇಕಾಗುತ್ತದೆ. ಸದ್ಯಕ್ಕೆ ಮೇಲಿನ ಲೆಕ್ಕದಲ್ಲಿ 0.6ರ ಜಾಗಕ್ಕೆ 0.9 ಹಾಕಿ ನೋಡಿ. ಅರ್ಧ ಊರು ದಾಟಲು 4 ತಲೆಮಾರು ಸಾಕು.