ಎದುರುಗಾಳಿಯಲ್ಲಿ ಮುಂಬೈಗೆ ಹೋಗೋದು ಹೇಗೆ?

ಗೋಕಾಕ, ಮೂಡಲಗಿ, ಹುಕ್ಕೇರಿ, ನಮ್ಮ ಮೂರೂ ತಾಲೂಕಿಗೆ ಸಮುದ್ರ ಇಲ್ಲ. ಘಟಪ್ರಭಾ ಕೂಡ ಪಶ್ಚಿಮ ಘಟ್ಟದಲ್ಲಿ ಹುಟ್ಟಿ, ಪಕ್ಕದಲ್ಲೇ ಇರೋ ಅರಬ್ಬಿ ಸಮುದ್ರಕ್ಕೆ ಬೆನ್ನು ಹಾಕಿ, ಹಿಡಕಲ್ ಡ್ಯಾಮ್ ದಾಟಿ, ಗೋಕಾಕ ಫಾಲ್ಸ್‌ನಲ್ಲಿ 52 ಮೀಟರ್ ಧುಮುಕಿ ಕೃಷ್ಣೆಯ ಜೊತೆ ಬಂಗಾಳ ಕೊಲ್ಲಿಗೆ ಹೋಗ್ತದೆ. ಹಾಗಾಗಿ ಹಾಯಿದೋಣಿ ಅಂದ್ರೆ ನಮಗೆ ಸಿನಿಮಾ ವಿಷಯ. ಆದ್ರೆ ರೈಲು ಬರೋ ಮುಂಚೆ ನಮ್ಮ ಸೀಮೆಯ ಸರಕು ಮುಂಬೈಗೆ ಹೋಗ್ತಿದ್ದದ್ದು ಹಾಯಿ ಮೇಲೇನೇ. ಬೆಳಗಾವಿ ಕಡೆಯ ಮಾಲು ಘಟ್ಟ ಇಳಿದು ವೆಂಗುರ್ಲೆಗೆ, ಧಾರವಾಡದ ಹತ್ತಿ ಕುಮಟಾಕ್ಕೆ. ಇಂಗ್ಲೆಂಡಿನ ಮಾರ್ಕೆಟ್‌ನಲ್ಲಿ ಆ ಹತ್ತಿಗೆ 'ಕುಂಪ್ಟಾ' ಅಂತಲೇ ಹೆಸರು. ಬೆಳೆದ ಊರಿನದ್ದಲ್ಲ, ದೋಣಿ ಹತ್ತಿದ ಊರಿನದ್ದು!

ಕುಮಟಾದಿಂದ ಮುಂಬೈ ಉತ್ತರಕ್ಕೆ, 500 ಕಿ.ಮೀ.ಗೂ ಹೆಚ್ಚು. ಮಳೆಗಾಲ ಮುಗಿದ ಮೇಲೆ ಈ ಕರಾವಳಿಯಲ್ಲಿ ಹಗಲು ಬೀಸೋದು ಹೆಚ್ಚಾಗಿ ವಾಯವ್ಯದ ಗಾಳಿ, ಅಂದ್ರೆ ಹತ್ತಿರತ್ತಿರ ಎದುರುಗಾಳಿ. ಯಾವ ಹಾಯಿದೋಣಿಯೂ ಗಾಳಿಗೆ ನೇರ ಎದುರು ಹೋಗಲ್ಲ. ಓರೆಯಾಗಿ ಹೋಗಬಹುದು: ಹಾಯಿ ವಿಮಾನದ ರೆಕ್ಕೆ ಥರ ಲಿಫ್ಟ್ ಕೊಡ್ತದೆ, ದೋಣಿಯ ತಳ ಪಕ್ಕಕ್ಕೆ ಜಾರೋದನ್ನ ತಡೀತದೆ, ಉಳಿದ ಕಾಂಪೊನೆಂಟ್ ಮುಂದಕ್ಕೆ ತಳ್ತದೆ. ಗುರಿ ಸರಿಯಾಗಿ ಗಾಳಿ ಬರೋ ದಿಕ್ಕಲ್ಲೇ ಇದ್ರೆ, 45 ಡಿಗ್ರಿ ಓರೆಯಲ್ಲಿ ಅಂಕುಡೊಂಕಾಗಿ ಹೋದಾಗ 100 ಕಿ.ಮೀ. ದಾರಿ 141 ಆಗ್ತದೆ. 60 ಡಿಗ್ರಿ ಆದ್ರೆ 200. (ಫಸ್ಟ್ ಇಯರ್‌ನ ಕಾಸ್ ಥೀಟಾ ಇಲ್ಲಿ ಕೆಲಸಕ್ಕೆ ಬಂತು.)

ಪತ್ತೆಮಾರಿ ನಡೆಸುವವರು ಇದಕ್ಕೊಂದು ಉಪಾಯ ಮಾಡ್ತಿದ್ರು. ರಾತ್ರಿ ನೆಲ ಬೇಗ ತಣ್ಣಗಾಗಿ ಗಾಳಿ ನೆಲದಿಂದ ಸಮುದ್ರಕ್ಕೆ ಬೀಸ್ತದೆ. ಆಗ ದಡ ಬಿಟ್ಟು ದೂರ ಹೋಗೋದು. ಮಧ್ಯಾಹ್ನ ನೆಲ ಕಾದು ಸಮುದ್ರದ ಗಾಳಿ ಎದ್ದಾಗ ಉತ್ತರಕ್ಕೆ ಓರೆಯಾಗಿ ದಡದ ಕಡೆ ವಾಪಸ್. ರಾತ್ರಿ ದುಡಿದ ದೂರವನ್ನ ಮಧ್ಯಾಹ್ನ ಖರ್ಚು ಮಾಡೋದು.

ಇನ್ನು ತೊಂದರೆಗಳ ವಿಷಯ. ನಮ್ಮ ತಲೆಯಲ್ಲಿ ಅಪಾಯ ಅಂದ್ರೆ ದೊಡ್ಡ ಸಮುದ್ರ, ದಡ ಅಂದ್ರೆ ಸೇಫ್. ನಿಜ ಬಹಳ ಸಲ ಉಲ್ಟಾ. 2017ರ ಸೆಪ್ಟೆಂಬರ್ 10ಕ್ಕೆ ಗೋವಾದಿಂದ ಪ್ರಪಂಚ ಸುತ್ತೋಕೆ ಹೊರಟ ನೌಕಾಪಡೆಯ 'ತಾರಿಣಿ'ಗೆ ಕೊನೆಯ ಹಂತದಲ್ಲಿ ಸ್ಟೀರಿಂಗ್ ಕೈಕೊಡ್ತು. ಆರು ಜನ ಮಹಿಳಾ ಅಧಿಕಾರಿಗಳು ಅದನ್ನ ಮಾರಿಷಸ್‌ನ ಪೋರ್ಟ್ ಲೂಯಿಗೆ ಒಯ್ದು, ರಿಪೇರಿ ಮಾಡಿಸಿ, 2018ರ ಮೇ 21ಕ್ಕೆ ಗೋವಾ ಮುಟ್ಟಿದ್ರು. ನಡುಸಮುದ್ರದಲ್ಲಿ ಯೋಚಿಸೋಕೆ ಜಾಗ ಇರ್ತದೆ. ಅದೇ ದಡದಿಂದ 8 ಕಿ.ಮೀ. ದೂರದಲ್ಲಿ ಚುಕ್ಕಾಣಿ ಮುರಿದು, ಗಾಳಿ ನಿಮ್ಮನ್ನ ಗಂಟೆಗೆ 4 ಕಿ.ಮೀ. ಬಂಡೆಗಳ ಕಡೆ ತಳ್ತಿದೆ ಅಂದ್ಕೊಳ್ಳಿ. ಎರಡೇ ಗಂಟೆ ಇದೆ.

ಆಗ ಮೊದಲ ಆಸರೆ ಲಂಗರು. ನಮ್ಮ ಪಶ್ಚಿಮ ಕರಾವಳಿ ನಿಧಾನಕ್ಕೆ ಆಳ ಆಗೋದ್ರಿಂದ ಲಂಗರಿಗೆ ತಳ ಸಿಗ್ತದೆ. ಗಾಳಿ ಪೂರ್ತಿ ನಿಂತಾಗಲೂ ಅದೇ ಉಪಾಯ, ಇಲ್ಲಾಂದ್ರೆ ಪ್ರವಾಹ ಬಂದ ದಾರಿಯಲ್ಲೇ ವಾಪಸ್ ಒಯ್ತದೆ. ಎರಡನೇದು, ಹಾಯಿ ಕಡಿಮೆ ಮಾಡ್ಬೇಕಾ ಅನ್ನೋ ಪ್ರಶ್ನೆ ಬಂದ ಕ್ಷಣವೇ ಮಾಡಿಬಿಡ್ಬೇಕು. ಗಾಳಿಯ ವೇಗ ಎರಡರಷ್ಟಾದ್ರೆ ಬಲ ನಾಲ್ಕರಷ್ಟಾಗ್ತದೆ, ಆಮೇಲೆ ಕೈಗೆ ಹತ್ತಲ್ಲ.

ಕಷ್ಟದ ಭಾಗ ಆಶ್ರಯ ಹುಡುಕೋದು. ಮ್ಯಾಪ್‌ನಲ್ಲಿ ಕುಮಟಾದಿಂದ ಉತ್ತರಕ್ಕೆ ಅಘನಾಶಿನಿ, ಗಂಗಾವಳಿ, ಕಾಳಿ ಅಂತ ಮೂರು ಅಳಿವೆ ಸಾಲಾಗಿ ಕಾಣ್ತವೆ. ಆದ್ರೆ ಅಳಿವೆ ಬಾಯಲ್ಲಿ ಮರಳಿನ ದಿಬ್ಬ ಇರ್ತದೆ. ಭರತದಲ್ಲಿ ದಾಟಬಹುದು, ಇಳಿತದಲ್ಲಿ ದೋಣಿ ತಳ ಬಡೀತದೆ. ಅಲೆ ದೊಡ್ಡದಾದ್ರೆ ಸರಿಯಾಗಿ ಆ ದಿಬ್ಬದ ಮೇಲೇನೇ ಒಡೀತದೆ. ಅಂದ್ರೆ ಬಾಗಿಲು ಬೇಕಾದ ದಿನವೇ ಬಾಗಿಲು ಮುಚ್ಚಿರ್ತದೆ. ಅದಕ್ಕೇ ದ್ವೀಪಗಳ ಮರೆ ಇರೋ ಕಾರವಾರದ ಕೊಲ್ಲಿಗೆ ಅಷ್ಟು ಬೆಲೆ. ಇವತ್ತು ಕೆಟ್ಟರೆ ಎಲ್ಲಿ ನುಗ್ಗೋದು ಅಂತ ತಾಂಡೇಲ ಹೊರಡೋ ಮುಂಚೆನೇ ಲೆಕ್ಕ ಹಾಕಿರ್ಬೇಕು, ಭರತದ ಟೈಮ್ ಸಮೇತ.

ಮಳೆಗಾಲಕ್ಕೆ ಮಾತ್ರ ಯಾವ ಉಪಾಯವೂ ಇರ್ಲಿಲ್ಲ. ಜೂನ್‌ನಿಂದ ದೋಣಿಗಳನ್ನ ದಡಕ್ಕೆ ಎಳೆದು ತೆಂಗಿನ ಗರಿ ಹೊದಿಸೋದು. ಅಷ್ಟರೊಳಗೆ ದೋಣಿ ಹತ್ತದ ಹತ್ತಿ ಬಂದರಿನಲ್ಲೇ ಕಾಯ್ಬೇಕು. 1880ರ ದಶಕದ ಕೊನೆಗೆ ಮರ್ಮಗೋವಾದ ರೈಲು ಬಂದ ಮೇಲೆ ಹತ್ತಿ ಆ ಕಡೆ ತಿರುಗ್ತು. 'ಕುಂಪ್ಟಾ' ಅನ್ನೋ ಹೆಸರು ಮಾತ್ರ ಇನ್ನೂ ಬಹಳ ವರ್ಷ ಮಾರ್ಕೆಟ್‌ನಲ್ಲಿ ಓಡಾಡ್ತಿತ್ತು.