ಬರುವ ಬಂಡೆಗೆ ಯಾರು ಹೊಣೆ?

ಚಿಲಿ ದೇಶದ ರಿಯೊ ಹುರ್ಟಾಡೊ ಎಂಬಲ್ಲಿ ಅರ್ಧ ಮೀಟರ್ ಅಗಲದ ದೂರದರ್ಶಕವೊಂದಿದೆ. ಆಕಾಶದ ಒಂದೇ ಭಾಗದ ಚಿತ್ರವನ್ನು ಅದು ಸುಮಾರು ಒಂದು ಗಂಟೆಯಲ್ಲಿ ನಾಲ್ಕು ಸಲ ತೆಗೆಯುತ್ತದೆ. ನಕ್ಷತ್ರಗಳು ನಾಲ್ಕರಲ್ಲೂ ಇದ್ದಲ್ಲೇ ಇರುತ್ತವೆ. ಜಾಗ ಬದಲಿಸಿದ ಚುಕ್ಕೆಯನ್ನು ಕಂಪ್ಯೂಟರ್ ಹಿಡಿಯುತ್ತದೆ. 2024ರ ಡಿಸೆಂಬರ್ 27ರಂದು ಅಂಥದೊಂದು ಚುಕ್ಕೆ ಸಿಕ್ಕಿತು. ಅದು ಭೂಮಿಯ ಹತ್ತಿರ ಹಾದುಹೋಗಿ ಆಗಲೇ ಎರಡು ದಿನವಾಗಿತ್ತು.

2024 ವೈಆರ್4 ಎಂದು ಹೆಸರು ಪಡೆದ ಆ ಕ್ಷುದ್ರಗ್ರಹದ ಅಗಲ 40ರಿಂದ 90 ಮೀಟರ್ ಎಂದು ಮೊದಲು ಅಂದಾಜಾಯಿತು. 2032ರ ಡಿಸೆಂಬರ್ 22ರಂದು ಅದು ಭೂಮಿಗೆ ಬಡಿಯುವ ಸಾಧ್ಯತೆ ಶೇ. 1 ದಾಟಿದ್ದರಿಂದ 2025ರ ಜನವರಿ 29ರಂದು ಅಂತರರಾಷ್ಟ್ರೀಯ ಕ್ಷುದ್ರಗ್ರಹ ಎಚ್ಚರಿಕೆ ಜಾಲ ಅಧಿಕೃತ ಸೂಚನೆ ಹೊರಡಿಸಿತು. ಬೀಳಬಹುದಾದ ಪಟ್ಟಿ ಪೂರ್ವ ಪೆಸಿಫಿಕ್‌ನಿಂದ ಹೊರಟು ದಕ್ಷಿಣ ಅಮೆರಿಕದ ಉತ್ತರ ಭಾಗ, ಅಟ್ಲಾಂಟಿಕ್, ಆಫ್ರಿಕಾ, ಅರಬ್ಬಿ ಸಮುದ್ರ ದಾಟಿ ದಕ್ಷಿಣ ಏಷ್ಯಾದವರೆಗೆ ಹಾಸಿಕೊಂಡಿತ್ತು.

ಫೆಬ್ರವರಿ 18ಕ್ಕೆ ಅಂಕಿ ಶೇ. 3.1ಕ್ಕೆ ಏರಿತು. ಹಾಗೆಂದು ಬಂಡೆ ದಾರಿ ಬದಲಿಸಿರಲಿಲ್ಲ. ಹೊಸ ಅಳತೆಗಳು ಬಂದಂತೆ 2032ರ ಆ ದಿನ ಅದು ಬಾಹ್ಯಾಕಾಶದಲ್ಲಿ ಇರಬಹುದಾದ ಜಾಗದ ಪಟ್ಟಿ ಕಿರಿದಾಗುತ್ತದೆ. ಭೂಮಿ ಇನ್ನೂ ಪಟ್ಟಿಯೊಳಗೇ ಇದ್ದರೆ ಅದರ ಪಾಲು ದೊಡ್ಡದಾಗಿ ಕಾಣುತ್ತದೆ. ಪಟ್ಟಿಯಿಂದ ಭೂಮಿ ಹೊರಬಿದ್ದ ಕೂಡಲೇ ಅಂಕಿ ಧಡಕ್ಕನೆ ಇಳಿಯುತ್ತದೆ. ಒಂದೇ ವಾರದಲ್ಲಿ ಹಾಗೆಯೇ ಆಯಿತು.

ಕಾಯುವ ಕೆಲಸದಲ್ಲಿ ಜಗತ್ತು ಚೆನ್ನಾಗಿ ಕೈಜೋಡಿಸಿದೆ. ಎಲ್ಲ ದೇಶಗಳ ಅಳತೆಗಳೂ ಅಮೆರಿಕದ ಕೇಂಬ್ರಿಜ್‌ನಲ್ಲಿರುವ ಮೈನರ್ ಪ್ಲಾನೆಟ್ ಸೆಂಟರ್‌ಗೆ ಹೋಗುತ್ತವೆ, ಹವ್ಯಾಸಿಗಳೂ ಕಳಿಸುತ್ತಾರೆ. ಕ್ಯಾಲಿಫೋರ್ನಿಯಾ ಮತ್ತು ಇಟಲಿಯ ಗಣಿತಜ್ಞರು ಬೇರೆಬೇರೆಯಾಗಿ ಲೆಕ್ಕ ಹಾಕಿ ತಾಳೆ ನೋಡುತ್ತಾರೆ. ಬೆಂಗಳೂರಿನಲ್ಲೂ 2022ರಲ್ಲಿ ಇಸ್ರೋದ ಐಎಸ್4ಓಎಂ ಕೇಂದ್ರ ಶುರುವಾಗಿದೆ. ಉಪಗ್ರಹಗಳ ಚೂರುಗಳ ಜೊತೆಗೆ ಕ್ಷುದ್ರಗ್ರಹಗಳ ಅಪಾಯವೂ ಅದರ ಕೆಲಸದ ವ್ಯಾಪ್ತಿಯಲ್ಲಿದೆ.

ಈ ಏರ್ಪಾಟಿಗೆ ರೂಪ ಕೊಡುವ ಚರ್ಚೆ ನಡೆಯುತ್ತಿದ್ದಾಗಲೇ ಆಕಾಶ ಎಚ್ಚರಿಸಿತ್ತು. 2013ರ ಫೆಬ್ರವರಿಯಲ್ಲಿ ವಿಶ್ವಸಂಸ್ಥೆಯ ಬಾಹ್ಯಾಕಾಶ ಸಮಿತಿಯ ವೈಜ್ಞಾನಿಕ ಉಪಸಮಿತಿ ವಿಯೆನ್ನಾದಲ್ಲಿ ಸಭೆ ಸೇರಿತ್ತು. 15ರಂದು ರಷ್ಯಾದ ಚೆಲ್ಯಾಬಿನ್ಸ್ಕ್ ಮೇಲೆ ಸುಮಾರು 20 ಮೀಟರ್‌ನ ಬಂಡೆ ಸಿಡಿಯಿತು. ಸೂರ್ಯನ ದಿಕ್ಕಿನಿಂದ ಬಂದದ್ದರಿಂದ ಯಾರಿಗೂ ಮೊದಲೇ ಕಂಡಿರಲಿಲ್ಲ. ಬೆಳಕೇನೆಂದು ನೋಡಲು ಜನ ಕಿಟಕಿಗೆ ಬಂದರು. ಸ್ಫೋಟದ ಅಲೆ ತಲುಪಿದ್ದು ಆಮೇಲೆ. ಸುಮಾರು 1,500 ಜನ ಗಾಯಗೊಂಡರು, ಹೆಚ್ಚಿನವರು ಒಡೆದ ಗಾಜಿನಿಂದ.

ಕಂಡಮೇಲೆ ಏನು ಮಾಡಬೇಕು? ಉಪಾಯವಿದೆ. 2022ರ ಸೆಪ್ಟೆಂಬರ್ 26ರಂದು ನಾಸಾದ ಡಾರ್ಟ್ ನೌಕೆ, ಇನ್ನೊಂದು ಕ್ಷುದ್ರಗ್ರಹವನ್ನು ಸುತ್ತುವ ಡಿಮಾರ್ಫಸ್ ಎಂಬ ಪುಟ್ಟ ಕ್ಷುದ್ರಗ್ರಹಕ್ಕೆ ಡಿಕ್ಕಿ ಹೊಡೆದು ಅದರ ಸುತ್ತಿನ ಅವಧಿಯನ್ನು ಅರ್ಧ ಗಂಟೆಗೂ ಹೆಚ್ಚು ಕಡಿಮೆ ಮಾಡಿತು. ಆದರೆ ತಳ್ಳುವ ತೀರ್ಮಾನ ಯಾರದು ಎನ್ನುವುದಕ್ಕೆ ಇವತ್ತಿಗೂ ಉತ್ತರವಿಲ್ಲ. ಇದಕ್ಕಾಗಿ ಇರುವ ಬಾಹ್ಯಾಕಾಶ ಸಂಸ್ಥೆಗಳ ಗುಂಪು ಸಲಹೆ ಕೊಡಬಲ್ಲದು, ಆದೇಶ ಕೊಡಲಾರದು.

ತೊಡಕು ಇಲ್ಲಿದೆ. ತಳ್ಳುವ ಪ್ರಯತ್ನ ಅರ್ಧಕ್ಕೇ ನಿಂತರೆ ಬೀಳುವ ಜಾಗ ನೆಲದ ಮೇಲಿನ ಪಟ್ಟಿಯಲ್ಲೇ ಸರಿದು, ಒಂದು ದೇಶದ ತಲೆಯ ಮೇಲಿನ ಅಪಾಯ ಇನ್ನೊಂದರ ಮೇಲೆ ಬರಬಹುದು. ಪರಿಹಾರ ಕೊಡುವವರು ಯಾರು? 1972ರ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ಒಂದು ದೇಶ ಹಾರಿಸಿದ ವಸ್ತು ನೆಲದ ಮೇಲೆ ಮಾಡಿದ ಹಾನಿಗೆ ಆ ದೇಶವೇ ಹೊಣೆ. 1978ರಲ್ಲಿ ಪರಮಾಣು ರಿಯಾಕ್ಟರ್ ಇದ್ದ ಸೋವಿಯತ್ ಉಪಗ್ರಹ ಕಾಸ್ಮಾಸ್ 954 ಕೆನಡಾದ ಮೇಲೆ ಬಿದ್ದಾಗ, ಕೊನೆಗೆ 30 ಲಕ್ಷ ಕೆನಡಾ ಡಾಲರ್‌ಗೆ ರಾಜಿಯಾಯಿತು. ಆದರೆ ಬಂಡೆಯನ್ನು ಯಾರೂ ಹಾರಿಸಿದ್ದಲ್ಲ. ತಳ್ಳಬಲ್ಲ ದೇಶಗಳು ಬೆರಳೆಣಿಕೆಯಷ್ಟಿವೆ. ವೈಆರ್4 ಪಟ್ಟಿಯಡಿ ಬಂದವರಲ್ಲಿ ಬಹುಪಾಲು ಜನ ಬಡ ದೇಶಗಳವರು. ತೀರ್ಮಾನ ಮಾಡುವ ಕೋಣೆಯಲ್ಲಿ ಅವರಿಗೂ ಕುರ್ಚಿ ಬೇಕು. ಆ ಮಾತು ಬಂಡೆ ಹತ್ತಿರವಾದ ಮೇಲೆ ಆಡುವಂಥದ್ದಲ್ಲ, ಈಗಲೇ ಆಡಿ ಮುಗಿಸಬೇಕಾದದ್ದು.

ಅದಕ್ಕೊಂದು ಸಂದರ್ಭ ಹತ್ತಿರದಲ್ಲೇ ಇದೆ. 2029ನ್ನು ವಿಶ್ವಸಂಸ್ಥೆ ಕ್ಷುದ್ರಗ್ರಹಗಳ ಅರಿವು ಮತ್ತು ಭೂರಕ್ಷಣೆಯ ವರ್ಷವೆಂದು ಘೋಷಿಸಿದೆ. ಆ ವರ್ಷದ ಏಪ್ರಿಲ್ 13ರಂದು ಅಪೋಫಿಸ್ ಎಂಬ ಕ್ಷುದ್ರಗ್ರಹ ಭೂಮಿಯಿಂದ ಸುಮಾರು 32,000 ಕಿ.ಮೀ. ದೂರದಲ್ಲಿ, ಕೆಲವು ಉಪಗ್ರಹಗಳಿಗಿಂತಲೂ ಹತ್ತಿರದಲ್ಲಿ, ಯಾರಿಗೂ ತಗಲದೆ ಹಾದುಹೋಗಲಿದೆ. ಯುರೋಪ್, ಆಫ್ರಿಕಾದ ಜನ ಬರಿಗಣ್ಣಿನಲ್ಲೇ ಅದನ್ನು ನೋಡಬಹುದು.