ಕಡಲು ಒಯ್ದದ್ದೆಷ್ಟು, ತಂದಿಟ್ಟದ್ದೆಷ್ಟು?

ಉಳ್ಳಾಲದಲ್ಲಿ ತೆಂಗಿನಮರ ಉರುಳಿದರೆ ಸುದ್ದಿ. ನೇತ್ರಾವತಿ ಅಳಿವೆಯ ಆಚೆ ಬೆಂಗ್ರೆಯಲ್ಲಿ ದಂಡೆ ಅಗಲವಾದರೆ ಅದನ್ನು ಕೇಳುವವರಿಲ್ಲ. ಕಡಲ್ಕೊರೆತದ ಲೆಕ್ಕ ನಮ್ಮಲ್ಲಿ ಅರ್ಧಕ್ಕೇ ನಿಲ್ಲುತ್ತದೆ.

ಪೂರ್ತಿ ಲೆಕ್ಕ ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರದ ಬಳಿ ಇದೆ. 1990ರಿಂದ 2018ರವರೆಗಿನ ಉಪಗ್ರಹ ಚಿತ್ರಗಳಿಂದ ಅದು ದೇಶದ 6,632 ಕಿ.ಮೀ. ಕರಾವಳಿಯನ್ನು ಅಳೆದಿದೆ.

- ದೇಶ: ಕೊರೆತ ಶೇ 33.6, ಮರಳು ಕೂಡಿದ್ದು ಶೇ 26.9, ಉಳಿದದ್ದು ಸ್ಥಿರ
- ಕರ್ನಾಟಕ (ಸುಮಾರು 313 ಕಿ.ಮೀ.): ಕೊರೆತ ಸುಮಾರು ಶೇ 24, ಮರಳು ಕೂಡಿದ್ದು ಶೇ 26, ಉಳಿದರ್ಧ ಸ್ಥಿರ

ಅಂದರೆ ನಮ್ಮ ಕರಾವಳಿಯಲ್ಲಿ ಹೆಚ್ಚುಕಡಿಮೆ ಕೊರೆತಕ್ಕೆ ಸಿಕ್ಕಷ್ಟೇ ಉದ್ದದ ದಂಡೆಗೆ ಮರಳು ಕೂಡಿದೆ.

ಅಲೆಯ ಬಲ

ಅಲೆಯ ಎತ್ತರ ಮೂರು ಪಟ್ಟಾದರೆ ಅದರ ಶಕ್ತಿ ಒಂಬತ್ತು ಪಟ್ಟಾಗುತ್ತದೆ. ಬೇಸಿಗೆಯ ಒಂದು ಮೀಟರ್ ಅಲೆಗೂ ಆಷಾಢದ ಮೂರು ಮೀಟರ್ ಅಲೆಗೂ ಇರುವ ಅಂತರ ಇಷ್ಟು. ಒಂದು ಘನ ಮೀಟರ್ ಕಡಲನೀರು ಸುಮಾರು 1,025 ಕೆ.ಜಿ. ತೂಗುತ್ತದೆ, ಮಳೆಗಾಲದಲ್ಲಿ ದಂಡೆಗೆ ಬಡಿಯುವುದು ಈ ತೂಕ. ಆಗ ಕಿತ್ತುಹೋದ ಮರಳು ಸ್ವಲ್ಪ ದೂರದಲ್ಲಿ ನೀರಡಿಯ ದಿಬ್ಬವಾಗಿ ಕೂರುತ್ತದೆ. ಮಳೆ ಬಿಟ್ಟ ಮೇಲೆ ಸಣ್ಣ ಅಲೆಗಳು ಅದರಲ್ಲಿ ಬಹುಪಾಲನ್ನು ಮೆಲ್ಲಗೆ ಮರಳಿ ತರುತ್ತವೆ.

ಇನ್ನೂರು ಲೋಡು

ನೂರು ಮೀಟರ್ ಉದ್ದದ ದಂಡೆಯಲ್ಲಿ ಹತ್ತು ಮೀಟರ್ ಅಗಲ, ಎರಡು ಮೀಟರ್ ಆಳ ಕೊಚ್ಚಿಹೋಯಿತು ಎಂದಿಟ್ಟುಕೊಳ್ಳಿ. ಅದು 2,000 ಘನ ಮೀಟರ್ ಮರಳು. ಘನ ಮೀಟರಿಗೆ 1.6 ಟನ್ ಹಿಡಿದರೆ 3,200 ಟನ್. 16 ಟನ್ ಹೊರುವ ಟಿಪ್ಪರಿನಲ್ಲಿ 200 ಲೋಡು. ಕಡಲು ಪುಕ್ಕಟೆ ಮಾಡುವ ಸಾಗಣೆ ಇದು.

ಹೋದ ಮರಳು ಎಲ್ಲಿ?

ಅಲೆ ಓರೆಯಾಗಿ ಬಡಿದಾಗ ಮರಳು ದಂಡೆಯುದ್ದಕ್ಕೂ ಸಾಗುತ್ತದೆ. ನದಿ ಕಡಲು ಸೇರುವಲ್ಲಿ ಅದು ನಾಲಗೆಯಂತೆ ಚಾಚುತ್ತದೆ. ಕೋಡಿ, ಬೆಂಗ್ರೆ ಎಂಬ ಊರ ಹೆಸರುಗಳು ಹುಟ್ಟಿದ್ದೇ ಈ ಮರಳಪಟ್ಟಿಗಳಿಂದ. ಮರವಂತೆಯಲ್ಲಿ ಹೆದ್ದಾರಿ 66ರ ಒಂದು ಬದಿ ಅರಬ್ಬೀ ಸಮುದ್ರ, ಇನ್ನೊಂದು ಬದಿ ಸೌಪರ್ಣಿಕಾ. ನಡುವೆ ಇರುವುದು ಅಂಥದೇ ಕಿರಿದಾದ ಪಟ್ಟಿ.

ಖರ್ಚು

ನೇತ್ರಾವತಿ–ಗುರುಪುರ ಅಳಿವೆಗೆ ದೋಣಿಗಳಿಗಾಗಿ ಎರಡು ಕಲ್ಲಿನ ತಡೆಗೋಡೆ ಕಟ್ಟಿದ ಮೇಲೆ ಬೆಂಗ್ರೆ ಬದಿ ಮರಳು ಕೂಡಿತು, ಉಳ್ಳಾಲದ ಬದಿ ಕರಗಿತು. ಕೊರೆತ ತಡೆಯಲು ಅಲ್ಲಿ ಸುರಿದ ಬಂಡೆಯ ಗೋಡೆಗೆ ಅಪ್ಪಳಿಸಿದ ಅಲೆ ಹಿಂದೆ ಸರಿಯುವಾಗ ಬುಡದ ಮರಳನ್ನೇ ಎಳೆದೊಯ್ಯುತ್ತದೆ. ಬಂಡೆ ಕುಸಿಯುತ್ತದೆ, ಮರುವರ್ಷ ಮತ್ತೆ ಸುರಿಯಬೇಕಾಗುತ್ತದೆ. ಏಷ್ಯಾ ಅಭಿವೃದ್ಧಿ ಬ್ಯಾಂಕಿನ ಸಾಲದಲ್ಲಿ ಉಳ್ಳಾಲದ ಕಡಲೊಳಗೆ ಅಲೆ ಮುರಿಯುವ ಮುಳುಗುದಿಬ್ಬಗಳು ಬಂದವು. ಕರ್ನಾಟಕದ ಕರಾವಳಿ ರಕ್ಷಣೆಗೆ 2017ರಲ್ಲಿ ಸಹಿಯಾದ ಕಂತೊಂದೇ 6.55 ಕೋಟಿ ಡಾಲರ್, ಆಗಿನ ದರದಲ್ಲಿ ಸುಮಾರು 420 ಕೋಟಿ ರೂಪಾಯಿ.

ಮುಂದಿನ ಗೋಡೆಗೆ ಟೆಂಡರ್ ಕರೆಯುವ ಮೊದಲು ಮಾಡಬೇಕಾದ ಕೆಲಸ ಅಗ್ಗದ್ದು: ಅಳಿವೆಯ ಎರಡೂ ಬದಿಯ ದಂಡೆಯನ್ನು ಪ್ರತಿವರ್ಷ ಒಂದೇ ತಿಂಗಳಲ್ಲಿ ಅಳೆಯುವುದು. ಜುಲೈನ ದಂಡೆಯನ್ನು ಫೆಬ್ರವರಿಯದರ ಜೊತೆ ಹೋಲಿಸಿದರೆ ಲೆಕ್ಕ ತಪ್ಪುತ್ತದೆ; ಒಂದೇ ಬದಿ ನೋಡಿ ಕಟ್ಟಿದರೆ ದುಡ್ಡೂ ಹೋಗುತ್ತದೆ.